ಲೋರಾನ್-ಸಿ ರಿಸೀವರ್: ಹನ್ನೊಂದು ವರ್ಷ ಹಡಗಿನಲ್ಲಿ, ಆಮೇಲೆ ಹಾಸನದ ಶೋಕೇಸಿನಲ್ಲಿ

ಮೊದಲೇ ಹೇಳಿಬಿಡುತ್ತೇನೆ, ರೇಡಿಯೊ ಟವರುಗಳ ಬಡಿತ ಕೇಳಿ ಹಡಗು ಎಲ್ಲಿದೆ ಅಂತ ಹೇಳುತ್ತಿದ್ದ ಈ ಪೆಟ್ಟಿಗೆಯನ್ನು ಈಗ ಯಾರೂ ಕೊಳ್ಳಬೇಡಿ. ಇದು ಕಿವಿಗೊಡುತ್ತಿದ್ದ ಅಮೆರಿಕದ ಟವರುಗಳು 2010ರ ಫೆಬ್ರವರಿ 8ರಂದೇ ಬಾಯಿ ಮುಚ್ಚಿದವು. ನನ್ನ ಹತ್ತಿರ ಇರುವುದು 1996ರಲ್ಲಿ ನಮ್ಮ ಹಡಗು ಒಡೆಸಿಕೊಳ್ಳಲು ಅಲಂಗ್‌ಗೆ ಹೊರಟಾಗ ಕ್ಯಾಪ್ಟನ್ನರನ್ನು ಕೇಳಿ ಬಿಚ್ಚಿಕೊಂಡು ತಂದದ್ದು. ಈಗ ಹಾಸನದ ಮನೆಯಲ್ಲಿ ಟಿವಿ ಪಕ್ಕ, ಮೊಮ್ಮಗಳ ಓಟದ ಕಪ್ಪುಗಳ ಮಧ್ಯೆ ಕೂತಿದೆ. ಆದರೂ ಬರೆಯುತ್ತಿದ್ದೇನೆ. ಫೋನ್ ಕೊಂಡು ಮೂರು ದಿನಕ್ಕೆ ಐದು ಸ್ಟಾರ್ ಕೊಡುವವರನ್ನು ನೋಡಿ ಸಾಕಾಗಿದೆ. ನಾನು ಇದನ್ನು 1985ರಿಂದ ಹನ್ನೊಂದು ವರ್ಷ ಬಳಸಿದವನು.

ಸರಕು ಹಡಗಿನಲ್ಲಿ ನಾನು ಸೆಕೆಂಡ್ ಆಫೀಸರ್. ಚಾರ್ಟು (ಸಮುದ್ರದ ನಕ್ಷೆ), ದಾರಿ ಎಲ್ಲ ಆ ಹುದ್ದೆಯವನ ಪಾಲಿಗೆ. ರಾತ್ರಿ 12ರಿಂದ 4ರ ವಾಚೂ, ಅಂದರೆ ಕಾವಲಿನ ಪಾಳಿಯೂ, ಅವನದೇ. ಊರಿಡೀ ಮಲಗಿದ ಹೊತ್ತಲ್ಲಿ 'ಈಗ ಎಲ್ಲಿದ್ದೇವೆ' ಅನ್ನುವ ಪ್ರಶ್ನೆಗೆ ಪೆನ್ಸಿಲ್ ಹಿಡಿದು ಉತ್ತರ ಬರೆಯುವ ಕೆಲಸ.

ಇದು ಕೆಲಸ ಮಾಡುವ ರೀತಿಯನ್ನು ನಮ್ಮ ಕಡೆಯವರಿಗೆ ಹೇಳುವುದು ಸುಲಭ. ಸಕಲೇಶಪುರದ ತೋಟಗಳಲ್ಲಿ ಆಳುಗಳನ್ನು ಕರೆಯಲು ನೇತುಹಾಕಿದ ರೈಲು ಕಂಬಿಯ ತುಂಡಿಗೆ ಬಡಿಯುತ್ತಿದ್ದರಲ್ಲ, ಹಾಗೆ ಎರಡು ತೋಟಗಳಲ್ಲಿ ಒಂದೇ ಕ್ಷಣಕ್ಕೆ ಬಡಿದರು ಅಂದುಕೊಳ್ಳಿ. ಕಾವಳದಲ್ಲಿ ಏನೂ ಕಾಣದೆ ನಿಂತಿದ್ದೀರಿ. ಮೇಲಿನ ತೋಟದ ಸದ್ದು ಮೊದಲು ಕೇಳಿಸಿತು, ಕೆಳಗಿನದು ಎರಡು ಸೆಕೆಂಡ್ ತಡವಾಗಿ. ಅಂದರೆ ಕೆಳಗಿನ ತೋಟ ನಿಮಗೆ 680 ಮೀಟರಿನಷ್ಟು ಹೆಚ್ಚು ದೂರ. ಅಷ್ಟೇ ವ್ಯತ್ಯಾಸ ಬರುವ ಜಾಗಗಳನ್ನೆಲ್ಲ ಚಾರ್ಟಿನ ಮೇಲೆ ಸೇರಿಸಿದರೆ ಬಾಗಿದ ಗೆರೆಯೊಂದು ಮೂಡುತ್ತದೆ. ಪಿಯುಸಿಯಲ್ಲಿ ಗೋಳು ಹುಯ್ದುಕೊಂಡ ಹೈಪರ್ಬೋಲಾ ಅದೇ. ಮೂರನೆಯ ತೋಟದ ಸದ್ದು ಸೇರಿದರೆ ಇನ್ನೊಂದು ಗೆರೆ. ಎರಡೂ ಎಲ್ಲಿ ಕತ್ತರಿಸುತ್ತವೋ ಅಲ್ಲಿ ನೀವು.

ಲೋರಾನ್‌ನಲ್ಲಿ ಸದ್ದಿನ ಬದಲು 100 ಕಿಲೋಹರ್ಟ್ಸ್ ರೇಡಿಯೊ ಬಡಿತ. ಒಂದು ಮೈಕ್ರೋಸೆಕೆಂಡಿಗೆ ರೇಡಿಯೊ ಅಲೆ 300 ಮೀಟರ್ ದಾಟುತ್ತದೆ, ಹಾಗಾಗಿ ಲೆಕ್ಕವೆಲ್ಲ ಮೈಕ್ರೋಸೆಕೆಂಡಿನಲ್ಲಿ. ಒಂದು ಮಾಸ್ಟರ್, ಕೆಲವು ಸೆಕೆಂಡರಿ ಟವರು ಸೇರಿದರೆ ಒಂದು ಸರಪಳಿ. ಮಾಸ್ಟರ್ ಟವರು ಒಂಬತ್ತು ಬಡಿತ ಬಡಿಯುತ್ತದೆ. ಸೆಕೆಂಡರಿಗಳು ಗೊತ್ತುಮಾಡಿದಷ್ಟು ತಡೆದು, ಸರದಿಯಂತೆ ಎಂಟೆಂಟು. ಅಮೆರಿಕದ ಪೂರ್ವ ಕರಾವಳಿಯ ಸರಪಳಿಯ ಹೆಸರು 9960, ಅಂದರೆ 99,600 ಮೈಕ್ರೋಸೆಕೆಂಡಿಗೊಮ್ಮೆ ಅದೇ ಹಾಡು ಮತ್ತೆ ಶುರು. ಮಾಸ್ಟರ್ ಸೆನೆಕಾದಲ್ಲಿ, ಸೆಕೆಂಡರಿಗಳು ಕಾರಿಬೂ, ನ್ಯಾನ್‌ಟಕೆಟ್, ಕ್ಯಾರೋಲಿನಾ ಬೀಚ್, ಡೇನಾದಲ್ಲಿ. ಸಕಲೇಶಪುರ, ಬೇಲೂರು, ಅರಸೀಕೆರೆ ಅಂದಷ್ಟೇ ಸಲೀಸಾಗಿ ಈ ಹೆಸರುಗಳು ನನ್ನ ಬಾಯಿಗೆ ಈಗಲೂ ಬರುತ್ತವೆ.

ಬಳಸಿದ ಅನುಭವಕ್ಕೆ ಬರುತ್ತೇನೆ. 1987ರ ಜುಲೈ, ನ್ಯೂಯಾರ್ಕ್ ಇನ್ನೂ ದೂರ. ಶಿರಾಡಿ ಘಾಟಿಯ ಮಳೆಗಾಲದ ಮಂಜು ನೋಡಿದವನು ನಾನು, ಅದರ ಅಪ್ಪನಂಥ ಮಂಜು. ಹಡಗಿನ ಮೂತಿ ಕಾಣುತ್ತಿಲ್ಲ. ಎರಡು ನಿಮಿಷಕ್ಕೊಮ್ಮೆ ಹಾರ್ನ್. ಸುಕ್ಕಾಣಿ ಹಿಡಿದಿದ್ದವ ಹೊನ್ನಾವರದ ಕಡೆಯವ. 'ಸಾಹೇಬ್ರೇ, ಕಣ್ಣು ಬಿಟ್ಕಂಡೇ ಕುರುಡಾದಂಗಾತು' ಅಂದ. ನಾನು ಚಾರ್ಟ್ ಟೇಬಲ್ಲಿನ ಕೆಂಪು ದೀಪದಡಿ ಪೆಟ್ಟಿಗೆ ತೋರಿಸಿದ ಎರಡು ಮೈಕ್ರೋಸೆಕೆಂಡ್ ಸಂಖ್ಯೆ ಓದಿದೆ: 26 ಸಾವಿರದ ಮೇಲೆ ಒಂದು, 43 ಸಾವಿರದ ಮೇಲೆ ಒಂದು. ಚಾರ್ಟಿನಲ್ಲಿ ಆ ಗೆರೆಗಳನ್ನು ಬಣ್ಣದಲ್ಲಿ ಅಚ್ಚು ಹಾಕಿಯೇ ಕೊಡುತ್ತಿದ್ದರು. ನಡುವಿನ ಅಂತರಕ್ಕೆ ಸ್ಕೇಲಿಟ್ಟು ಅಳೆದು ಚುಕ್ಕೆ ಇಟ್ಟರೆ ಆಯಿತು. ಕಾಲು ಗಂಟೆಗೊಂದು ಚುಕ್ಕೆ. ಬೆಳಗಿನ ಜಾವ ಆಂಬ್ರೋಸ್ ದೀಪಸ್ತಂಭ ರಾಡಾರಿನಲ್ಲಿ ಮೂಡಿದಾಗ, ನನ್ನ ಚುಕ್ಕೆಗಳ ಸಾಲು ಹೇಳಿದ ಜಾಗದಿಂದ ಕಾಲು ಮೈಲಿಯೂ ಆಚೀಚೆ ಇರಲಿಲ್ಲ. ಕಾಲು ಮೈಲಿಯೇ ಇದರ ಗ್ಯಾರಂಟಿ. ಆದರೆ ಒಮ್ಮೆ ಹೋದ ಜಾಗಕ್ಕೇ ಸಂಖ್ಯೆ ಹಿಡಿದು ಮತ್ತೆ ಹೋದರೆ ನೂರು ಮೀಟರಿನೊಳಗೇ ತಂದು ನಿಲ್ಲಿಸುತ್ತಿತ್ತು. ಅಲ್ಲಿನ ಮೀನುಗಾರರು ಒಳ್ಳೆ ಮೀನು ಸಿಗುವ ಜಾಗದ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ನಮ್ಮ ಕಡೆ ಅಣಬೆ ಏಳುವ ಜಾಗ ಬಚ್ಚಿಡುವವರ ಹಾಗೆ ಯಾರಿಗೂ ತೋರಿಸುತ್ತಿರಲಿಲ್ಲ.

ಒಂದು ಬುದ್ಧಿಮಾತು, ಈಗ ಯಾರಿಗೂ ಬೇಡವಾದರೂ: ನಮ್ಮ ಮಾಡೆಲ್ ತಾನೇ ಅಕ್ಷಾಂಶ ರೇಖಾಂಶ ಲೆಕ್ಕ ಹಾಕಿ ತೋರಿಸುತ್ತಿತ್ತು. ಅಲೆ ನೆಲದ ಮೇಲೆ ಬರುವಾಗ ಸಮುದ್ರದ ಮೇಲಿಗಿಂತ ನಿಧಾನ, ಆ ತಿದ್ದುಪಡಿ ಸರಿಯಾಗಿ ಕೂಡದಿದ್ದರೆ ಲೆಕ್ಕ ಹಾಕಿದ ಉತ್ತರ ತಪ್ಪುತ್ತಿತ್ತು. ಹಾಗಾಗಿ ನಾನು ನಂಬುತ್ತಿದ್ದದ್ದು ಮೈಕ್ರೋಸೆಕೆಂಡಿನ ಹಸಿ ಸಂಖ್ಯೆಗಳನ್ನೇ.

ದೂರು ಇಲ್ಲವೇ? ಇದೆ. ರಾತ್ರಿ ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ಬಡಿದು ವಾಪಸಾಗುವ ಅಲೆ, ನೆಲ ಹಿಡಿದು ಬರುವ ಅಲೆಯ ಬೆನ್ನಿಗೇ ಬಂದು ಸೇರಿಕೊಳ್ಳುತ್ತದೆ. ಅದು ಕಲಸುವ ಮೊದಲೇ, ಬಡಿತದ ಮೂರನೆಯ ಸುತ್ತಿನಲ್ಲೇ (ಅಲೆಯ ಒಂದು ಏರಿಳಿತವೇ ಒಂದು ಸುತ್ತು, ಹತ್ತು ಮೈಕ್ರೋಸೆಕೆಂಡ್) ರಿಸೀವರ್ ಹಿಡಿದುಬಿಡಬೇಕು. ಸಿಗ್ನಲ್ ಸಣ್ಣಗಾದಾಗ, ಸಿಡಿಲಿನ ಗಲಾಟೆಯಲ್ಲಿ, ಅದು ಒಮ್ಮೊಮ್ಮೆ ಪಕ್ಕದ ಸುತ್ತನ್ನು ಹಿಡಿಯುತ್ತಿತ್ತು. ಹತ್ತು ಮೈಕ್ರೋಸೆಕೆಂಡ್ ಜಾರಿತು ಅಂದರೆ ಕನಿಷ್ಠ ಒಂದೂವರೆ ಕಿಲೋಮೀಟರ್ ಹೋಯಿತು. ಆನ್ ಮಾಡಿ ಸರಪಳಿ ಹುಡುಕಿ ಸ್ಥಿರವಾಗಲು ಕೆಲವು ನಿಮಿಷ ಹಿಡಿಯುತ್ತದೆ, ತಾಳ್ಮೆ ಇಲ್ಲದವರಿಗಲ್ಲ. ಸಣ್ಣ ವಿಮಾನಗಳಲ್ಲೂ ಇದನ್ನು ಬಳಸುತ್ತಿದ್ದರು, ಮಳೆ ಮೋಡದೊಳಗೆ ಹೊಕ್ಕರೆ ವಿಮಾನದ ಮೈಗೇ ವಿದ್ಯುತ್ ಅಂಟಿಕೊಂಡು ರಿಸೀವರಿನ ಕಿವಿ ಕೆಡುತ್ತಿತ್ತಂತೆ. ಎಲ್ಲಕ್ಕಿಂತ ದೊಡ್ಡ ಕೊರತೆ, ಟವರು ಇಲ್ಲದ ಸಮುದ್ರದಲ್ಲಿ ಇದು ಬರೀ ಪೆಟ್ಟಿಗೆ. ನಮ್ಮ ದೇಶದಲ್ಲಿ ಪಶ್ಚಿಮಕ್ಕೆ ಧ್ರಾಂಗಧ್ರಾ, ವೆರಾವಲ್, ಬಿಲ್ಲಿಮೋರಾ, ಪೂರ್ವಕ್ಕೆ ಬಾಲಸೋರ್, ಡೈಮಂಡ್ ಹಾರ್ಬರ್, ಪಾತಾಪುರ ಅಂತ ಎರಡು ಸರಪಳಿ ಬರುವ ಹೊತ್ತಿಗೆ ತೊಂಬತ್ತರ ದಶಕ.

ಇದಕ್ಕೆ ಎದುರಾಳಿ ಅಂದರೆ ಒಮೆಗಾ. ಇಡೀ ಭೂಮಿಗೆ ಎಂಟೇ ಕೇಂದ್ರ: ನಾರ್ವೆ, ಲೈಬೀರಿಯಾ, ಹವಾಯಿ, ನಾರ್ತ್ ಡಕೋಟಾ, ರಿಯೂನಿಯನ್ ದ್ವೀಪ, ಅರ್ಜೆಂಟೀನಾ, ಆಸ್ಟ್ರೇಲಿಯಾ, ಜಪಾನ್. 10ರಿಂದ 14 ಕಿಲೋಹರ್ಟ್ಸ್, ಎಲ್ಲಿದ್ದರೂ ಕೇಳುತ್ತದೆ. ಸಾಗರ ದಾಟುವ ವಿಮಾನಗಳಲ್ಲೂ ಇತ್ತು. ಆದರೆ ಕರಾರುವಾಕ್ಕು ಎರಡರಿಂದ ನಾಲ್ಕು ಮೈಲಿ, ಅದೂ ಅದೃಷ್ಟ ಚೆನ್ನಾಗಿದ್ದರೆ. ಒಮೆಗಾ ಸಮುದ್ರವನ್ನು ಎಂಟು ಮೈಲಿ ಅಗಲದ ಪಟ್ಟೆಗಳಾಗಿ ಸೀಳುತ್ತದೆ. ಪಟ್ಟೆಯೊಳಗೆ ಎಲ್ಲಿದ್ದೀಯ ಅಂತ ಹೇಳುತ್ತದೆ, ಯಾವ ಪಟ್ಟೆ ಅಂತ ಹೇಳುವುದಿಲ್ಲ. ಬಂದರಿನಿಂದ ಹೊರಟಾಗಿನಿಂದ ಎಣಿಸುತ್ತಲೇ ಬರಬೇಕು. ಮಾರಿಷಸ್ ಬಿಟ್ಟು ಬೊಂಬಾಯಿಗೆ ಬರುವಾಗ ಒಂದು ರಾತ್ರಿ ಜನರೇಟರ್ ನಿಂತಿತು, ರಿಸೀವರಿನ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದವರಿಲ್ಲ, ಎಣಿಕೆ ಅಳಿಸಿಹೋಯಿತು. ಕರೆಂಟು ಬಂದ ಮೇಲೆ ಅಂದಾಜಿನ ಜಾಗ ತುಂಬಿಸಿದೆ. ಅಂದಾಜು ಐದು ಮೈಲಿ ತಪ್ಪಿತ್ತು, ಅದು ನನ್ನ ತಪ್ಪೇ. ಆದರೆ ಪೆಟ್ಟಿಗೆ ಪಕ್ಕದ ಪಟ್ಟೆಯಲ್ಲಿ ಹಾಯಾಗಿ ಕೂತು, ಒಂದು ಮಾತೂ ಆಡದೆ, ರಾತ್ರಿಯೆಲ್ಲ ದಶಾಂಶದ ಸಮೇತ ಉತ್ತರ ಕೊಟ್ಟಿತು. ಬೆಳಿಗ್ಗೆ ಚೀಫ್ ಆಫೀಸರ್ ಕೋನ ಅಳೆಯುವ ಸೆಕ್ಸ್ಟೆಂಟಿನಲ್ಲಿ ನಕ್ಷತ್ರ ಹಿಡಿದು ನೋಡಿದರೆ ಎಂಟು ಮೈಲಿ ಆಚೆ ಇದ್ದೇವೆ. ಒಮೆಗಾ 1997ರ ಸೆಪ್ಟೆಂಬರ್ 30ರಂದು ಮುಚ್ಚಿತು, ನಾನೇನೂ ಕಣ್ಣೀರು ಹಾಕಲಿಲ್ಲ.

ಇನ್ನೊಂದು ಎದುರಾಳಿ ಡೆಕ್ಕಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಂಪು, ಹಸಿರು, ನೇರಳೆ ಮೂರು ಗಡಿಯಾರ, ನೋಡಲು ಚೆಂದ. ದಡದ ಹತ್ತಿರ ಲೋರಾನಿಗಿಂತ ನಿಖರ, ರಾತ್ರಿ ದೂರ ಹೋದರೆ ಹುಚ್ಚು.

ಲೋರಾನ್‌ನಲ್ಲಿ ನಾನು ಮರೆಯದ ಗುಣ ಒಂದೇ. ಯಾವುದಾದರೂ ಸೆಕೆಂಡರಿಯ ಸಮಯ ಹದ ತಪ್ಪಿದರೆ, ಕೇಂದ್ರದವರು ಅದರ ಮೊದಲ ಎರಡು ಬಡಿತಗಳನ್ನು ಆರಿಸಿ ಹಚ್ಚಿ ಮಿನುಗಿಸುತ್ತಿದ್ದರು. ಇಲ್ಲಿ ನನ್ನ ರಿಸೀವರಿನ ಬಲಗಡೆ ಕಿತ್ತಳೆ ದೀಪ ಹತ್ತುತ್ತಿತ್ತು. 'ಸದ್ಯಕ್ಕೆ ನನ್ನ ಮಾತು ನಂಬಬೇಡ' ಅಂತ ಸಾವಿರ ಮೈಲಿ ಆಚೆಯ ಟವರೇ ಹೇಳಿ ಕಳಿಸಿದ ಹಾಗೆ. ಹನ್ನೊಂದು ವರ್ಷದಲ್ಲಿ ಆ ದೀಪ ಬೆರಳೆಣಿಕೆಯಷ್ಟು ಸಲ ಹತ್ತಿತು. ಪ್ರತಿ ಸಲವೂ ನಾನು ಆ ಗೆರೆ ಬಿಟ್ಟು ಬೇರೆ ಗೆರೆ ಹಿಡಿದೆ.

ಹೋದ ತಿಂಗಳು ಮೂಡಿಗೆರೆ ಕಡೆ ಮದುವೆಗೆ ಹೊರಟಾಗ ಫೋನಿನ ಹುಡುಗಿ 'ನೀವು ತಲುಪಿದ್ದೀರಿ' ಅಂದಳು. ತಲುಪಿದ್ದು ಯಾರದೋ ಕಾಫಿ ಕಣಕ್ಕೆ. ಒಣ ಹಾಕಿದ ಹಣ್ಣಿನ ಅಂಚಿಗೆ ಕಾರಿನ ಚಕ್ರ, ಒಲೆ ಮುಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದು ಬಂದು 'ಛತ್ರ ಆಚೆ ಗುಡ್ಡದಲ್ಲಿ ಕಣಪ್ಪ, ನೀನು ಈ ವಾರ ನಾಲ್ಕನೆಯವನು' ಅಂದರು. ಯಾವ ದೀಪವೂ ಹತ್ತಲಿಲ್ಲ.

ನಮ್ಮ ಬೀದಿಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ ನಿವೃತ್ತರಾದವರೊಬ್ಬರಿದ್ದಾರೆ. 1982ರಿಂದ ಹಾಸನದಲ್ಲೇ ಕೂತು ಇನ್ಸಾಟ್‌ಗಳನ್ನು ಆಡಿಸಿದ ಕೇಂದ್ರ ಅದು, ಜಿಪಿಎಸ್‌ನಂತೆ ಜಾಗ ಹೇಳುವ ನಮ್ಮದೇ ನಾವಿಕ್ ಉಪಗ್ರಹಗಳ ಹಗ್ಗವೂ ಅಲ್ಲೇ ಇದೆ. ಸಂಜೆ ಕಾಫಿಗೆ ಬಂದರೆ ಶೋಕೇಸ್ ನೋಡಿ 'ಏನ್ ಸಾರ್, ಇನ್ನೂ ಗುಜರಿಗೆ ಹಾಕಿಲ್ವಾ' ಅನ್ನುತ್ತಾರೆ. ನಾನು ಜಗಳಕ್ಕೆ ಇಳಿಯುತ್ತೇನೆ: ನಿಮ್ಮದು 36,000 ಕಿಲೋಮೀಟರ್ ಮೇಲಿನಿಂದ ಬರುವ ಪಿಸುಮಾತು, ಯಾರೋ ಸಣ್ಣ ಜಾಮರ್ ಇಟ್ಟರೂ ಮುಚ್ಚಿಹೋಗುತ್ತದೆ, ನಮ್ಮದು ನೂರಾರು ಕಿಲೋವಾಟಿನ ಗರ್ಜನೆ. ಉತ್ತರ ಕೊರಿಯಾದ ಜಿಪಿಎಸ್ ಜಾಮಿಂಗ್ ತಡೆಯಲಾಗದೆ ದಕ್ಷಿಣ ಕೊರಿಯಾದವರು ಲೋರಾನಿನ ಹೊಸ ರೂಪ ಇ-ಲೋರಾನ್ ಕಡೆ ಹೊರಳಿದ್ದನ್ನೂ ಹೇಳುತ್ತೇನೆ. ಅವರು ಅದನ್ನು ಒಪ್ಪುತ್ತಾರೆ, ಆದರೆ ನಿಖರತೆಯ ಮಾತು ಎತ್ತಿದ ಕೂಡಲೇ ನಾನು ಚಕ್ಕುಲಿ ತಟ್ಟೆ ಮುಂದೆ ತಳ್ಳುತ್ತೇನೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿತ, ಹಿಂದೂ ಮಹಾಸಾಗರದಲ್ಲಿ ಕೈಕೊಟ್ಟಿದ್ದಕ್ಕೆ.

ಪೆಟ್ಟಿಗೆ 24 ವೋಲ್ಟ್ ಡಿಸಿ ಕೇಳುತ್ತದೆ. ಕಾರಿನ ಹಳೆ ಬ್ಯಾಟರಿ ಎರಡನ್ನು ಸಾಲಾಗಿ ಜೋಡಿಸಿ ನೋಡಿದ್ದೇನೆ, ಡಿಸ್‌ಪ್ಲೇ ಇನ್ನೂ ಹತ್ತುತ್ತದೆ. ಬೆಳಕು ತಗ್ಗಿಸುವ ಎಡಗಡೆಯ ತಿರುಪು ಗುಂಡಿ ಮಾತ್ರ ಒಡೆದಿದೆ. ಮಂಗಳೂರು ಬಂದರಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಕಾಲು ಇಂಚಿನ ಕಡ್ಡಿಗೆ ಕೂರುವಂಥದ್ದು ಯಾರಿಗಾದರೂ ಕಣ್ಣಿಗೆ ಬಿದ್ದರೆ ತಿಳಿಸಿ, ಕಪ್ಪು ಬಣ್ಣದ್ದಾದರೆ ಇನ್ನೂ ಒಳ್ಳೆಯದು.