ಬಿಚ್ಚುವ ಮೊದಲು ತೊಳೆಯುವ ಗ್ಯಾರೇಜು: ಕಲಬುರಗಿಯಲ್ಲಿ ಹಳೆಯ ಕ್ವಾಲಿಸ್‌ನ ಆಯಿಲ್ ಸೋರಿಕೆ

ಮೂರು ಲಕ್ಷ ಕಿಲೋಮೀಟರ್ ದಾಟಿದ ನಮ್ಮ ಟೊಯೊಟಾ ಕ್ವಾಲಿಸ್‌ನ ಆಯಿಲ್ ಸೋರಿಕೆಯ ಮೂಲವನ್ನು ಹುಡುಕಿಸಲು ಕಲಬುರಗಿಯ ಹುಮನಾಬಾದ್ ರಸ್ತೆಯ ಕಡೆ ಇರುವ ಒಂದು ಸಣ್ಣ ಗ್ಯಾರೇಜಿಗೆ ಹೋಗಿದ್ದೆ. 2000ದಿಂದ 2005ರವರೆಗೆ ಮಾತ್ರ ನಮ್ಮಲ್ಲಿ ತಯಾರಾದ ಈ ಗಾಡಿಯನ್ನು ಇಂದಿಗೂ ಓಡಿಸುವವರು ಈ ಭಾಗದಲ್ಲಿ ಇರುವುದರಿಂದ, ಅಲ್ಲಿ ಕಂಡ ಕೆಲಸದ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮೊದಲು ತೋರಿಸಿದ ವರ್ಕ್‌ಶಾಪಿನವರು ಕೆಳಗಿನಿಂದ ಒಮ್ಮೆ ಇಣುಕಿ, ಕ್ರ್ಯಾಂಕಿನ (ಎಂಜಿನ್ನಿನ ಕೆಳಭಾಗದಲ್ಲಿ ತಿರುಗುವ ಮುಖ್ಯ ದಂಡದ) ಹಿಂದಿನ ಆಯಿಲ್ ಸೀಲ್ ಹೋಗಿದೆ ಎಂದು ತೀರ್ಮಾನಿಸಿದ್ದರು. ಆ ಸೀಲ್ ಅಗ್ಗವಾದರೂ ಅದನ್ನು ತಲುಪಲು ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲವನ್ನೂ ಇಳಿಸಬೇಕಾಗುತ್ತದೆ, ಮಜೂರಿಯೇ ದೊಡ್ಡ ಮೊತ್ತವಾಗುತ್ತದೆ. ಈ ಗ್ಯಾರೇಜಿನ ಮಿಸ್ತ್ರಿ ಮಾತ್ರ, "ಮೊದ್ಲ ತೊಳ್ದ ನೋಡೋಣ್ರಿ ಸರ್, ಬಿಚ್ಚೋದು ಆಮ್ಯಾಲಿರ್ಲಿ" ಎಂದರು.

ಎಣ್ಣೆ ಮೇಲಿನಿಂದ ಕೆಳಗಿಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಆದ್ದರಿಂದ ಹನಿ ಬೀಳುವ ಜಾಗಕ್ಕಿಂತ ಒದ್ದೆ ಕಾಣುವ ಅತಿ ಮೇಲಿನ ಜಾಗವೇ ಮುಖ್ಯ. ಶಹಾಬಾದ್, ವಾಡಿ, ಸೇಡಂ ಕಡೆ ಓಡಾಡುವ ಗಾಡಿಗಳಲ್ಲಿ ಈ ಎಣ್ಣೆಗೆ ಕಲ್ಲುಪುಡಿ, ಸಿಮೆಂಟ್ ಧೂಳು ಮೆತ್ತಿ ಗಟ್ಟಿ ಪದರವೇ ಕಟ್ಟಿರುತ್ತದೆ. ಮಿಸ್ತ್ರಿ ಆಲ್ಟರ್ನೇಟರಿಗೆ ಪ್ಲಾಸ್ಟಿಕ್ ಹೊದಿಸಿ, ಡೀಸೆಲ್ ಮತ್ತು ಬ್ರಷ್‌ನಿಂದ ಆ ಪದರವನ್ನು ತೆಗೆದು, ಗಾಳಿ ಹೊಡೆದು ಒಣಗಿಸಿದರು. ಅನಂತರ ಎಂಜಿನ್ ಆಯಿಲ್‌ಗೆ ಹೊಳೆಯುವ ಬಣ್ಣದ ದ್ರವ ಬೆರೆಸಿ, ಜೇವರ್ಗಿ ರಸ್ತೆಯಲ್ಲಿ ಗಾಡಿ ಓಡಿಸಿಕೊಂಡು ಬಂದರು. ಶೆಡ್ಡಿನ ಕತ್ತಲ ಮೂಲೆಯಲ್ಲಿ ಯು.ವಿ. (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದು, ಹಳದಿ ಕನ್ನಡಕವನ್ನು ನನಗೂ ಕೊಟ್ಟು ತೋರಿಸಿದಾಗ, ಹಸಿರು ಮಿಶ್ರಿತ ಹಳದಿಯ ಗೆರೆಯೊಂದು ಎಂಜಿನ್ನಿನ ಬೆನ್ನಿನುದ್ದಕ್ಕೂ ಇಳಿದು ಬಂದಿರುವುದು ಸ್ಪಷ್ಟವಾಗಿ ಕಂಡಿತು. ಅದು ಹೊರಟಿದ್ದು ಎಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಹಿಂಬದಿಯ ಅರ್ಧಚಂದ್ರಾಕಾರದ ರಬ್ಬರಿನಿಂದ. ಬಿಸಿ ತಿಂದು ತಿಂದು ಆ ರಬ್ಬರ್ ಉಗುರು ಊರದಷ್ಟು ಗಟ್ಟಿಯಾಗಿತ್ತು.

ಅಷ್ಟಕ್ಕೇ ನಿಲ್ಲಿಸದೆ, ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪನ್ನೂ ಕಳಚಿ ನೋಡಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಸವೆದ ಪಿಸ್ಟನ್ ರಿಂಗುಗಳಿಂದ ನುಸುಳುವ ಗಾಳಿಗೆ ಹೊರದಾರಿ ಮುಚ್ಚಿಕೊಂಡರೆ ಒಳಗೆ ಒತ್ತಡ ಏರಿ, ಹೊಸ ಪ್ಯಾಕಿಂಗ್ ಹಾಕಿದರೂ ಎಣ್ಣೆ ಮತ್ತೆ ಹೊರಬರುತ್ತದೆ. ನಮ್ಮ ಪೈಪಿನಲ್ಲಿ ಜಿಡ್ಡು ತುಂಬಿತ್ತು. ಅದನ್ನು ಶುಚಿಗೊಳಿಸಿ, ಕವರ್ ಪ್ಯಾಕಿಂಗ್ ಮತ್ತು ರಬ್ಬರ್ ಬದಲಿಸಿದರು. ಸಿಲಿಕಾನ್ ಗಮ್ ಅನ್ನು ಬೇಕಾದಷ್ಟೇ ಹಚ್ಚಿದರು. ಹೆಚ್ಚಾದ ಗಮ್ ಒಳಗೆ ಉದುರಿ ಚೇಂಬರಿನ (ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿಯ) ಸ್ಟ್ರೈನರ್ ಜಾಲರಿಗೆ ಅಡ್ಡ ಕೂತರೆ ಎಂಜಿನ್ನಿಗೇ ಅಪಾಯ. ಬೋಲ್ಟುಗಳನ್ನು ಬಲವಾಗಿ ಬಿಗಿದರೆ ಸೋರಿಕೆ ನಿಲ್ಲುತ್ತದೆಂಬ ನಂಬಿಕೆ ಬಹಳ ಜನರಲ್ಲಿದೆ, ಆದರೆ ಅತಿಯಾಗಿ ಬಿಗಿದರೆ ಕವರೇ ಸೊಟ್ಟಗಾಗುತ್ತದೆ.

ಕೊರತೆಗಳೂ ಇವೆ. ಹುಡುಕುವ ಕೆಲಸಕ್ಕೆ ಬೇರೆ ಶುಲ್ಕ ತೆಗೆದುಕೊಳ್ಳುತ್ತಾರೆ. ಅದು ನ್ಯಾಯವೇ, ಆದರೆ ಮೊದಲೇ ಹೇಳುವುದಿಲ್ಲ, ಬಿಲ್ಲಿನಲ್ಲಿ ಬಿಡಿಸಿಯೂ ಬರೆಯುವುದಿಲ್ಲ. ಕೂರಲು ನೆರಳಿನ ಜಾಗವಿಲ್ಲದ್ದು ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಈ ಊರಿನಲ್ಲಿ ಸಣ್ಣ ತೊಂದರೆಯಲ್ಲ.

ಗೇರ್‌ಬಾಕ್ಸ್ ಇಳಿಸದೆಯೇ ಹನಿ ನಿಂತಿದೆ. ಆಯಿಲ್ ಪ್ರೆಶರ್ ಸ್ವಿಚ್ಚಿನ ಬಳಿ ಮಾತ್ರ ತುಸು ಜಿನುಗು ಉಳಿದಿದ್ದು, ಮುಂದಿನ ಆಯಿಲ್ ಬದಲಾವಣೆಯ ಹೊತ್ತಿಗೆ ಅದನ್ನು ನೋಡುವುದಾಗಿ ಒಪ್ಪಿದ್ದಾರೆ. ಹೋಗುವವರು ಇಡೀ ದಿನದ ಬಿಡುವು ಇಟ್ಟುಕೊಂಡು, ಎಂಜಿನ್ ತಣ್ಣಗಿರುವಾಗಲೇ ತೊಳೆಯಲು ಅನುಕೂಲವಾಗುವಂತೆ ಬೆಳಿಗ್ಗೆಯೇ ಗಾಡಿ ಬಿಟ್ಟು, ಶುಲ್ಕವನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.