ರಾತ್ರಿಯ ದೃಶ್ಯ ಬೇಕೇ? ಹಗಲಲ್ಲೇ ಕೋಣೆ ಮುಚ್ಚಿ

ಹಾರರ್ ಚಿತ್ರದ ಆರಂಭ ಮಾಡಿಕೊಂಡು ಬನ್ನಿ ಎಂದಾಗ ವಿದ್ಯಾರ್ಥಿಗಳ ಕೈಗೆ ಸಿಗುವುದು ಹೆಚ್ಚೆಂದರೆ ಎರಡು ನಿಮಿಷ. ಅಷ್ಟರಲ್ಲೇ ಟೈಟಲ್‌ಗಳು ಬಂದು ಹೋಗಬೇಕು, ಒಬ್ಬ ಮನುಷ್ಯನ ಪರಿಚಯವಾಗಬೇಕು, ಏನೋ ಸರಿಯಿಲ್ಲ ಎಂಬ ಅನುಮಾನ ನೋಡುವವರಲ್ಲಿ ಹುಟ್ಟಬೇಕು. ಕಥೆಗಿಂತ ಮೊದಲು ಎದುರಾಗುವ ಪ್ರಶ್ನೆ ಕತ್ತಲಿನದು. ಕಾಸಿಲ್ಲದೆ ಕತ್ತಲು ತರುವ ದಾರಿಗಳು ಮೂರು: ನಿಜವಾದ ರಾತ್ರಿಯಲ್ಲಿ ಹೊರಗೆ ಹೋಗಿ ತೆಗೆಯುವುದು, ಬಿಸಿಲಲ್ಲಿ ತೆಗೆದು ಆಮೇಲೆ ಬಣ್ಣ ಬದಲಿಸಿ ರಾತ್ರಿ ಮಾಡುವುದು, ಹಗಲಲ್ಲೇ ಒಂದು ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಒಂದೇ ದೀಪದಲ್ಲಿ ತೆಗೆಯುವುದು.

ಮೂರಕ್ಕೂ ಒಂದೇ ದೃಶ್ಯವನ್ನು ಒಡ್ಡಿ ನೋಡಿದ್ದೇನೆ. ಟಾರ್ಚ್ ಹಿಡಿದ ಹುಡುಗಿ ನಡೆದು ಬರುತ್ತಾಳೆ, ಅರೆ ತೆರೆದ ಬಾಗಿಲ ಮುಂದೆ ನಿಲ್ಲುತ್ತಾಳೆ, ಒಳಗೆ ನೆರಳೊಂದು ಸರಿಯುತ್ತದೆ. ಸಲಕರಣೆಯೂ ಅದೇ: ಒಂದು ಫೋನ್, ಶಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು) ಮತ್ತು ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) ಕೈಯಿಂದ ಹೊಂದಿಸಲು ಬಿಡುವ ಒಂದು ಆ್ಯಪ್, ಒಂದು ಟ್ರೈಪಾಡ್. ಗೆದ್ದದ್ದು ಮುಚ್ಚಿದ ಕೋಣೆ. ಉಳಿದೆರಡು ಅದರ ಹತ್ತಿರಕ್ಕೂ ಬರಲಿಲ್ಲ.

ಮೊದಲು ನಿಜವಾದ ರಾತ್ರಿ. ಇದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಎಲ್ಲಕ್ಕಿಂತ ಬೇಗ ಕೈಕೊಡುವುದೂ ಇದೇ. ಹುಣ್ಣಿಮೆಯ ಬೆಳದಿಂಗಳು ನೆಲದ ಮೇಲೆ ಅರ್ಧ ಲಕ್ಸ್ (ಬೆಳಕಿನ ಅಳತೆ) ಕೂಡ ಇರುವುದಿಲ್ಲ. ದೀಪ ಹಚ್ಚಿದ ಸಾಮಾನ್ಯ ಕೋಣೆಯಲ್ಲಿ 100 ಲಕ್ಸ್ ಆಸುಪಾಸು ಇರುತ್ತದೆ. ನಮ್ಮ ಕಣ್ಣು ಕತ್ತಲಿಗೆ ಒಗ್ಗಿಕೊಳ್ಳುತ್ತದೆ, ಫೋನಿನ ಪುಟ್ಟ ಸೆನ್ಸರ್ ಒಗ್ಗಿಕೊಳ್ಳುವುದಿಲ್ಲ. ಐಎಸ್‌ಒ ಏರಿಸಿದರೆ ಕಪ್ಪು ಜಾಗಗಳಲ್ಲಿ ಕೆಂಪು, ಹಸಿರು ಚುಕ್ಕೆಗಳು ಕುದಿಯತೊಡಗುತ್ತವೆ. ಆ ಚುಕ್ಕೆಗಳನ್ನು ಅಳಿಸಲು ಫೋನು ತಾನಾಗಿಯೇ ಚಿತ್ರವನ್ನು ನುಣುಪು ಮಾಡುತ್ತದೆ, ಆಗ ಮುಖ ಮೇಣದ ಹಾಗೆ ಕಾಣುತ್ತದೆ. ಕತ್ತಲಲ್ಲಿ ಆಟೋಫೋಕಸ್ ಹಿಡಿತ ಸಿಗದೆ ಹಿಂದೆ ಮುಂದೆ ಓಡಾಡುತ್ತದೆ. ಫೋಕಸ್ ಲಾಕ್ ಮಾಡಿದರೆ ನಡೆದು ಬರುವವಳು ಮಸುಕಾಗುತ್ತಾಳೆ.

ಟಾರ್ಚ್ ಇದೆಯಲ್ಲ ಎನ್ನಬಹುದು. ಹೊರಗೆ ಟಾರ್ಚ್‌ನ ಬೆಳಕು ಬಡಿದು ತಿರುಗಿ ಬರಲು ಗೋಡೆ ಇರುವುದಿಲ್ಲ. ಬೆಳಕಿನ ವೃತ್ತವೊಂದು ಬಿಟ್ಟರೆ ಮುಖ, ಮೈ, ಹಿನ್ನೆಲೆ ಯಾವುದೂ ಕಾಣಿಸದು. ಇದರ ಮೇಲೆ ದೀಪಕ್ಕೆ ಮುತ್ತುವ ಹುಳುಗಳು, ಮುಗಿಯುತ್ತಾ ಬರುವ ಬ್ಯಾಟರಿ, ಮನೆಗೆ ಮರಳಬೇಕಾದ ಗೆಳೆಯರು. ಐದನೇ ಟೇಕ್ ತೆಗೆಯುವ ಉಮೇದು ಯಾರಲ್ಲೂ ಉಳಿದಿರುವುದಿಲ್ಲ, ಹಾರರ್‌ನಲ್ಲಿ ಸರಿಯಾಗಿ ಬರುವುದು ಮಾತ್ರ ಬಹುತೇಕ ಐದನೆಯದರ ಮೇಲೆಯೇ.

ಎರಡನೆಯದು ಹಗಲನ್ನು ರಾತ್ರಿ ಮಾಡುವುದು. ಹಳೆಯ ವಿದ್ಯೆ, ತತ್ವವೂ ಸರಿಯಾಗಿದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪನ್ನು ಬೇಗ ಕಳೆದುಕೊಳ್ಳುತ್ತದೆ, ನೀಲಿಯತ್ತ ವಾಲುತ್ತದೆ. ಅದಕ್ಕೇ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿ ಎಂದು ಕಾಣಬೇಕೆಂಬ ಹೊಂದಿಕೆ) 3200 ಕೆಲ್ವಿನ್‌ಗೆ, ಅಂದರೆ ಹಳದಿ ಬಲ್ಬಿನ ಮಟ್ಟಕ್ಕೆ, ಇಟ್ಟರೆ ಬಿಸಿಲು ನೀಲಿಯಾಗಿ ಬೆಳದಿಂಗಳ ಛಾಯೆ ಬರುತ್ತದೆ. ಎರಡು ಸ್ಟಾಪ್ ಕಡಿಮೆ ಎಕ್ಸ್‌ಪೋಸ್ ಮಾಡಬೇಕು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ), ಬಣ್ಣದ ಗಾಢತೆ ಇಳಿಸಬೇಕು, ಸೂರ್ಯ ಪಾತ್ರದ ಬೆನ್ನ ಹಿಂದೆ ಇರಬೇಕು, ಆಕಾಶ ಫ್ರೇಮಿನೊಳಗೆ ಬರಲೇಬಾರದು.

ತೊಂದರೆ ಎಂದರೆ ಫೋನಿನ ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಸಾಮಾನ್ಯವಾಗಿ ಬದಲಾಗುವುದಿಲ್ಲ. ಎಫ್/1.8 ಲೆನ್ಸ್, ಐಎಸ್‌ಒ 50 ಇದ್ದರೆ ನೇರ ಬಿಸಿಲಲ್ಲಿ ಶಟರ್ ಸುಮಾರು 1/4000 ಸೆಕೆಂಡಿಗೆ ಹೋಗಿ ಕೂರುತ್ತದೆ. ಅಷ್ಟು ಚುರುಕು ಶಟರ್‌ನಲ್ಲಿ ನಡಿಗೆ ಕತ್ತರಿಸಿ ಅಂಟಿಸಿದ ಹಾಗೆ ಕುಪ್ಪಳಿಸುತ್ತದೆ. ಅದನ್ನು 1/50ರ ಹತ್ತಿರಕ್ಕೆ ತರಲು ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ 64 ಫಿಲ್ಟರ್ ಬೇಕು, ಎರಡು ಸ್ಟಾಪ್ ಕಡಿಮೆ ಮಾಡಬೇಕೆಂದರೆ ಎನ್‌ಡಿ 256. ಅಂದರೆ ಕಾಸಿಲ್ಲದ ದಾರಿ ಎಂದುಕೊಂಡದ್ದಕ್ಕೆ ಖರ್ಚು ಬಂತು. ಮೋಡ ಕವಿದ ದಿನ ಫಿಲ್ಟರ್‌ನ ಗೊಡವೆ ಕಡಿಮೆ, ಆದರೆ ಆಗ ನೆರಳೇ ಬೀಳುವುದಿಲ್ಲ, ನೆರಳಿಲ್ಲದ ರಾತ್ರಿಯನ್ನು ಯಾರೂ ನಂಬುವುದಿಲ್ಲ. ಇನ್ನು ನಮ್ಮ ದೃಶ್ಯದ ಟಾರ್ಚ್? ಬಿಸಿಲಿನ ಮುಂದೆ ಅದು ಉರಿಯುತ್ತಿದೆಯೋ ಇಲ್ಲವೋ ಗೊತ್ತಾಗದು. ಟಾರ್ಚ್, ಮೇಣದಬತ್ತಿ, ಕಿಟಕಿಯೊಳಗಿನ ದೀಪ ಇವುಗಳಲ್ಲಿ ಒಂದು ಫ್ರೇಮಿನಲ್ಲಿದ್ದರೂ ಈ ದಾರಿ ಬಿಟ್ಟುಬಿಡಿ. ದೂರದಿಂದ ತೆಗೆದ ಮರಗಳ ಸಾಲು, ನಿರ್ಜನ ಹಾದಿ ಇಂಥ ಒಂದೆರಡು ಶಾಟ್‌ಗೆ ಸಾಕು, ಅಷ್ಟೇ.

ಈಗ ಕೋಣೆ. ಬೇಕಾದದ್ದು ದಪ್ಪ ಕಪ್ಪು ಬಟ್ಟೆ ಅಥವಾ ಕಂಬಳಿ, ಬಣ್ಣ ಕೀಳದಂಥ ಪೇಪರ್ ಟೇಪ್, ಹಳದಿ ಬೆಳಕಿನ ಒಂದು 9 ವ್ಯಾಟ್ ಎಲ್‌ಇಡಿ ಬಲ್ಬ್, ಉದ್ದ ವೈರಿನ ಹೋಲ್ಡರ್, ಒಂದು ಬಿಳಿ ಥರ್ಮಾಕೋಲ್ ಹಾಳೆ. ಬಟ್ಟೆಯನ್ನು ಎರಡು ಪದರ ಕಟ್ಟಿ, ಅಂಚು ಪೂರ್ತಿ ಟೇಪ್ ಹಚ್ಚಿ, ದೀಪ ಆರಿಸಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಮುಚ್ಚಿದ ಕೂಡಲೇ ಕೋಣೆ ಕಗ್ಗತ್ತಲು ಎನಿಸುತ್ತದೆ. ಕಣ್ಣು ಒಗ್ಗಿದ ಮೇಲೆ ಒಂದೊಂದಾಗಿ ಸೂಜಿಮೊನೆಯಂಥ ಬೆಳಕುಗಳು ಏಳುತ್ತವೆ: ಕಿಟಕಿಯ ಬಿಜಾಗರಿಯ ಬಳಿ ಒಂದು, ಬಾಗಿಲ ಕೆಳಗೆ ಉದ್ದನೆಯ ಗೆರೆ, ಬೀಗದ ಕಿಂಡಿಯಲ್ಲಿ ಇನ್ನೊಂದು. ಅವಕ್ಕೆಲ್ಲ ಟೇಪ್ ಹಚ್ಚಿ. ಬಲ್ಬಿನ ಬೆಳಕು ಹಳದಿ, ಸುಮಾರು 3000 ಕೆಲ್ವಿನ್. ಹೊರಗಿನದು 5600ರ ಹತ್ತಿರ. ಸೋರಿದ ಹಗಲು ಫ್ರೇಮಿನಲ್ಲಿ ನೀಲಿ ಕಲೆಯಾಗಿ ನಿಂತುಬಿಡುತ್ತದೆ.

ಇದೇ ದೋಷವನ್ನು ಬೇಕೆಂದೇ ಬಳಸಿಕೊಳ್ಳುವುದು ಈ ಪದ್ಧತಿಯಲ್ಲಿ ನನಗೆ ಅತಿ ಇಷ್ಟವಾದ ಭಾಗ. ನೇರ ಬಿಸಿಲು ಬೀಳದ ಕಡೆಯ ಕಿಟಕಿಯಲ್ಲಿ ಬಟ್ಟೆಯನ್ನು ಎರಡು ಮೂರು ಸೆಂಟಿಮೀಟರ್ ಮಾತ್ರ ಸರಿಸಿ, ವೈಟ್ ಬ್ಯಾಲೆನ್ಸ್ 3200ಕ್ಕೆ ಲಾಕ್ ಮಾಡಿ. ಹಳದಿ ಬಲ್ಬು ಬೆಳ್ಳಗಾಗುತ್ತದೆ, ಸೀಳಿನಿಂದ ಬರುವ ಹಗಲು ತಣ್ಣನೆಯ ಬೆಳದಿಂಗಳಾಗುತ್ತದೆ. ಖರ್ಚಿಲ್ಲದೆ ಎರಡು ಬಣ್ಣದ ಬೆಳಕು ಸಿಕ್ಕಿತು. ಮೋಡ ಬಂದು ಹೋದರೆ ಈ ಬೆಳದಿಂಗಳು ಏರುಪೇರಾಗುತ್ತದೆ, ಹಾಗಾಗಿ ಅದು ಕಾಣುವ ಶಾಟ್‌ಗಳನ್ನೆಲ್ಲ ಅರ್ಧ ಗಂಟೆಯೊಳಗೆ ಒಟ್ಟಿಗೆ ಮುಗಿಸಿಬಿಡಿ.

ಬಲ್ಬನ್ನು ಅರೆ ತೆರೆದ ಬಾಗಿಲ ಹಿಂದೆ, ಮೊಣಕಾಲ ಎತ್ತರಕ್ಕೆ ಇಡಿ. ಕೆಳಗಿನಿಂದ ಬಂದ ಬೆಳಕಿಗೆ ನೆರಳು ಗೋಡೆ ಹತ್ತಿ ಚಾವಣಿಯವರೆಗೆ ಬೆಳೆಯುತ್ತದೆ. ಒಂದು ಕೆನ್ನೆ ಕಾಣಿಸಬೇಕು, ಇನ್ನೊಂದು ಮುಳುಗಬೇಕು. ಮುಳುಗದಿದ್ದರೆ ಬಿಳಿ ಗೋಡೆ ಬೆಳಕನ್ನು ಹಿಂದಕ್ಕೆ ಎಸೆಯುತ್ತಿದೆ ಎಂದರ್ಥ, ಆ ಬದಿಗೆ ಉಳಿದ ಕಪ್ಪು ಬಟ್ಟೆ ಹಿಡಿಯಿರಿ. ಟಾರ್ಚ್‌ಗೂ ಒಂದು ಉಪಾಯವಿದೆ. ಅವಳು ಬೆಳಕು ಬಿಡುವ ಜಾಗದಲ್ಲಿ, ಫ್ರೇಮಿನ ಹೊರಗೆ, ಥರ್ಮಾಕೋಲ್ ನಿಲ್ಲಿಸಿದರೆ ಅದಕ್ಕೆ ಬಡಿದ ಬೆಳಕು ಮೆದುವಾಗಿ ಅವಳ ಮುಖಕ್ಕೇ ಮರಳುತ್ತದೆ. ಹೊರಗಿನ ರಾತ್ರಿಯಲ್ಲಿ ಸಿಗದೇ ಹೋದದ್ದು ಇದೇ.

ಎಕ್ಸ್‌ಪೋಷರ್ ವಿಷಯದಲ್ಲಿ ಒಂದೇ ಮಾತು: ಕಣ್ಣಿಗೆ ಬೇಕೆನಿಸಿದ್ದಕ್ಕಿಂತ ಒಂದು ಸ್ಟಾಪ್ ಬೆಳ್ಳಗೆ ತೆಗೆದು ಎಡಿಟಿಂಗ್‌ನಲ್ಲಿ ಇಳಿಸಿ. 8 ಬಿಟ್ ವಿಡಿಯೊದಲ್ಲಿ ಒಂದು ಬಣ್ಣಕ್ಕೆ ಇರುವುದು 256 ಮೆಟ್ಟಿಲು. ಕಪ್ಪಾಗಿ ತೆಗೆದರೆ ಚಿತ್ರವೆಲ್ಲ ಕೆಳಗಿನ ಕೆಲವೇ ಮೆಟ್ಟಿಲುಗಳಲ್ಲಿ ತುರುಕಿಕೊಳ್ಳುತ್ತದೆ, ಆಮೇಲೆ ಎತ್ತಲು ಹೋದರೆ ಗೋಡೆಯ ನೆರಳು ಅಡ್ಡಾದಿಡ್ಡಿ ಚೌಕಗಳಾಗಿ ಒಡೆಯುತ್ತದೆ.

ಇಷ್ಟೆಲ್ಲ ಚೆನ್ನಾಗಿರುವ ಪದ್ಧತಿಯಲ್ಲಿ ತಲೆ ತಿನ್ನುವುದು ಒಂದೇ ಒಂದು, ಫ್ಲಿಕರ್, ಅಂದರೆ ದೀಪದ ಮಿನುಗು. ತೆಗೆಯುವಾಗ ಫೋನಿನ ಸಣ್ಣ ಪರದೆಯಲ್ಲಿ ಏನೂ ಕಾಣುವುದಿಲ್ಲ. ಕಂಪ್ಯೂಟರಿಗೆ ಹಾಕಿ ನೋಡಿದಾಗ ಗೋಡೆಯ ಮೇಲೆ ಅಗಲವಾದ ಮಬ್ಬು ಪಟ್ಟಿಗಳು ಮೇಲಿಂದ ಕೆಳಕ್ಕೆ ನಿಧಾನವಾಗಿ ತೆವಳುತ್ತಿರುತ್ತವೆ. ನೆರಳು ಸರಿಯಿತೇ ಎಂದು ಪ್ರೇಕ್ಷಕ ಉಸಿರು ಬಿಗಿಹಿಡಿದು ನೋಡಬೇಕಾದ ಗೋಡೆಯಲ್ಲೇ ಇದು. ಎಡಿಟಿಂಗ್‌ನಲ್ಲಿ ಪೂರ್ತಿ ತೆಗೆಯುವುದು ಬಹಳ ಕಷ್ಟ. ಇಡೀ ಫ್ರೇಮು ಒಟ್ಟಿಗೆ ಮಿನುಗಿದರೆ ಸರಿಪಡಿಸುವ ಪ್ಲಗಿನ್‌ಗಳಿವೆ. ಮುಖದ ಮೇಲೆ ಹಾದುಹೋಗುವ ಪಟ್ಟಿಗೆ ಅವು ಅರ್ಧ ಮಾತ್ರ ಕೆಲಸ ಮಾಡುತ್ತವೆ, ಅದರ ಜೊತೆಗೆ ಮುಖವನ್ನೂ ಕೆಡಿಸುತ್ತವೆ.

ಕಾರಣ ಸರಳ. ಮನೆಗೆ ಬರುವ ಕರೆಂಟು 50 ಹರ್ಟ್ಜ್ ಆಗಿದ್ದರೆ ಅಗ್ಗದ ಎಲ್‌ಇಡಿ ಬಲ್ಬು, ಹಳೆಯ ಚೋಕ್‌ನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. 60 ಹರ್ಟ್ಜ್ ಇರುವ ಕಡೆ 120 ಸಲ. ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಗೇ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಒಂದು ಸಾಲಿಗೆ ಬೆಳಕಿನ ಏರು ಸಿಕ್ಕಿ ಇನ್ನೊಂದು ಸಾಲಿಗೆ ಇಳಿತ ಸಿಕ್ಕರೆ ಅದೇ ಪಟ್ಟಿ. ಶಟರ್ ತೆರೆದಿರುವ ಹೊತ್ತಿನಲ್ಲಿ ಪೂರ್ಣಸಂಖ್ಯೆಯ ಏರಿಳಿತಗಳು ಹಿಡಿಸಿದರೆ ಎಲ್ಲ ಸಾಲಿಗೂ ಬೆಳಕು ಸಮನಾಗಿ ಸಿಗುತ್ತದೆ, ಪಟ್ಟಿಯೇ ಹುಟ್ಟುವುದಿಲ್ಲ. 50 ಹರ್ಟ್ಜ್‌ನಲ್ಲಿ 1/50 ಶಟರ್‌ಗೆ ಸರಿಯಾಗಿ ಎರಡು ಏರಿಳಿತ, 1/100ಕ್ಕೆ ಒಂದು. 60 ಹರ್ಟ್ಜ್‌ನಲ್ಲಿ 1/60 ಮತ್ತು 1/120. 50ರ ಕರೆಂಟಿನಲ್ಲಿ 1/60 ಇಟ್ಟರೆ ಒಂದು ಮತ್ತು ಮೂರನೇ ಎರಡು ಏರಿಳಿತ, ಅಲ್ಲೇ ಎಡವಟ್ಟು.

ಹೆಚ್ಚಿನ ಫೋನುಗಳು ವಿಡಿಯೊವನ್ನು ಸೆಕೆಂಡಿಗೆ 30 ಫ್ರೇಮಿನಲ್ಲೇ ಶುರುಮಾಡುತ್ತವೆ, ಕತ್ತಲಾದರೆ ಶಟರನ್ನು ತಾವಾಗಿಯೇ 1/30ಕ್ಕೆ ಇಳಿಸುವುದುಂಟು. 50 ಹರ್ಟ್ಜ್ ಬೆಳಕಿನಲ್ಲಿ ಇದು ಮೂರೂ ಕಾಲಿಗಿಂತ ಸ್ವಲ್ಪ ಹೆಚ್ಚು ಏರಿಳಿತ. ಅದಕ್ಕೇ ಆಟೋದಲ್ಲಿ ತೆಗೆದ ಒಳಾಂಗಣ ದೃಶ್ಯಗಳು ಇಷ್ಟೊಂದು ಕೆಡುವುದು. ಫ್ರೇಮ್ ದರವನ್ನೂ ಹೊಂದಿಸಿಬಿಡಿ: 50 ಹರ್ಟ್ಜ್‌ಗೆ 25 ಫ್ರೇಮ್, 60ಕ್ಕೆ 24 ಅಥವಾ 30. 100 ಏರಿಳಿತವನ್ನು 25 ಭಾಗಿಸುತ್ತದೆ, 30 ಭಾಗಿಸುವುದಿಲ್ಲ. ಹೀಗಾಗಿ ಶಟರ್ ಕೊಂಚ ಹೆಚ್ಚುಕಡಿಮೆಯಾದರೂ ಪಟ್ಟಿ ತೆವಳದೆ ಇದ್ದಲ್ಲೇ ಇರುತ್ತದೆ, ನಿಂತ ಪಟ್ಟಿ ಕಣ್ಣಿಗೆ ಅಷ್ಟು ರಾಚುವುದಿಲ್ಲ.

ಬಲ್ಬ್ ಕೊಳ್ಳುವ ಮುನ್ನ ಪರೀಕ್ಷಿಸುವ ವಿಧಾನ ಹೀಗಿದೆ. ಅಂಗಡಿಯಲ್ಲಿ ಉರಿಸಿ ತೋರಿಸಲು ಹೇಳಿ, ಫೋನಿನ ಶಟರನ್ನು 1/1000ಕ್ಕೆ ಇಟ್ಟು ಅದರ ಬೆಳಕು ಬಿದ್ದ ಬಿಳಿ ಗೋಡೆಯನ್ನು ನೋಡಿ. ಬಲ್ಬಿನೊಳಗೆ ಕರೆಂಟನ್ನು ಹೊಂದಿಸುವ ಡ್ರೈವರ್ ಚೆನ್ನಾಗಿದ್ದರೆ ಗೋಡೆ ಸಮನಾಗಿ ಕಾಣುತ್ತದೆ, ಇಲ್ಲದಿದ್ದರೆ ಕಪ್ಪು ಪಟ್ಟಿಗಳು ಎದ್ದು ಕಾಣುತ್ತವೆ. ಆ್ಯಪ್ ಇಲ್ಲದಿದ್ದರೆ ಪೆನ್ನೊಂದನ್ನು ಬಲ್ಬಿನ ಮುಂದೆ ಬೀಸಣಿಗೆಯ ಹಾಗೆ ಜೋರಾಗಿ ಆಡಿಸಿ. ಒಳ್ಳೆಯ ಬೆಳಕಿನಲ್ಲಿ ಪೆನ್ನು ನಯವಾದ ಮಂಜಿನಂತೆ ಹರಡುತ್ತದೆ. ಫ್ಲಿಕರ್ ಇದ್ದರೆ ಒಂದರ ಪಕ್ಕ ಒಂದು ಬಿಡಿಬಿಡಿ ಪೆನ್ನುಗಳು ಕಾಣುತ್ತವೆ.

ಡಿಮ್ಮರ್ ಮುಟ್ಟಬೇಡಿ. ಬೆಳಕು ಹೆಚ್ಚಾದರೆ ಬಲ್ಬನ್ನು ದೂರ ಸರಿಸಿ: ಒಂದು ಮೀಟರಿನಿಂದ ಎರಡಕ್ಕೆ ಒಯ್ದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್. ಟಾರ್ಚ್‌ಗೂ ಇದೇ ಎಚ್ಚರ. ಅನೇಕ ಎಲ್‌ಇಡಿ ಟಾರ್ಚ್‌ಗಳು ಮಂದ ಬೆಳಕಿಗೆ ಇಟ್ಟಾಗ ಆರಿ ಹತ್ತಿ ಆರಿ ಹತ್ತಿ ಮಂದವಾಗುತ್ತವೆ. ಪೂರ್ಣ ಬೆಳಕಿಗೆ ಇಟ್ಟು ಮುಂದೆ ಬಟರ್ ಪೇಪರ್ ಅಂಟಿಸುವುದೇ ಒಳ್ಳೆಯದು. ತಂತಿಯ ಹಳೆಯ ಬಲ್ಬು ಎಲ್ಲಾದರೂ ಸಿಕ್ಕರೆ ತೆಗೆದಿಟ್ಟುಕೊಳ್ಳಿ. ಅದರ ತಂತಿ ಏರಿಳಿತದ ನಡುವೆ ತಣ್ಣಗಾಗುವಷ್ಟರಲ್ಲಿ ಮತ್ತೆ ಕಾಯುವುದರಿಂದ ಪಟ್ಟಿ ಬೀಳುವುದು ತೀರ ಕಡಿಮೆ. ಆದರೆ ಅದು ಸುಡುತ್ತದೆ, ಬಟ್ಟೆ ಕಾಗದ ಹತ್ತಿರ ಬರದಂತೆ ನೋಡಿಕೊಳ್ಳಿ.

ಶಬ್ದದಲ್ಲೂ ಕೋಣೆಯೇ ಮೇಲು. ಗೋಡೆಗೆ ತೂಗಿದ ಕಂಬಳಿಗಳು ಪ್ರತಿಧ್ವನಿಯನ್ನೂ ಹೀರಿಕೊಳ್ಳುತ್ತವೆ. ಫೋನಿನ ಮೈಕು ಮೌನ ಕೇಳಿದ ತಕ್ಷಣ ತನ್ನ ಮಟ್ಟವನ್ನು ಏರಿಸಿಕೊಂಡು ಸುಯ್ ಎನ್ನತೊಡಗುತ್ತದೆ, ಆ್ಯಪಿನಲ್ಲಿ ಹೀಗೆ ತಾನಾಗಿ ಏರಿಸುವುದನ್ನು ನಿಲ್ಲಿಸಿಬಿಡಿ. ಫ್ಯಾನ್ ನಿಲ್ಲಿಸಬೇಕಾಗುವುದರಿಂದ ಸೆಕೆ ತಡೆಯಲಾಗದು. 20 ನಿಮಿಷಕ್ಕೊಮ್ಮೆ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಕತ್ತಲಲ್ಲಿ ನಡೆಯುವವಳು ಎಡವದಂತೆ ನೆಲದ ಮೇಲೆ ಬಿಳಿ ಟೇಪಿನ ಗುರುತು ಹಾಕಿ, ಅದು ಫ್ರೇಮಿನ ಕೆಳಗಿರಲಿ.

ಎನ್‌ಡಿ ಫಿಲ್ಟರ್ ಇರುವವರಿಗೆ, ರಾತ್ರಿ ಓಡಾಡಲು ದೊಡ್ಡ ತಂಡ ಮತ್ತು ದೊಡ್ಡ ಸೆನ್ಸರ್‌ನ ಕ್ಯಾಮೆರಾ ಇರುವವರಿಗೆ ಲೆಕ್ಕ ಬೇರೆಯಾಗಬಹುದು. ನನ್ನದು ಇಬ್ಬರು ಮೂವರ ಕೆಲಸ, ಒಂದೇ ಶಾಟ್ ಹತ್ತು ಸಲ ತೆಗೆಯುವ ಅಭ್ಯಾಸ, ಬಟ್ಟೆ ಮತ್ತು ಟೇಪ್‌ಗಷ್ಟೇ ಸಾಲುವ ಹಣ. ಅದಕ್ಕೆ ಕೋಣೆಯೇ ಸರಿ. ಮನೆಯ ಹೊರನೋಟ ಬೇಕೇ ಬೇಕು ಎಂದಾದರೆ ಒಂದೇ ಒಂದು ಶಾಟ್ ಹೊರಗೆ ತೆಗೆಯಿರಿ, ಅದೂ ಮುಸ್ಸಂಜೆಯಲ್ಲಿ. ಸೂರ್ಯ ಮುಳುಗಿ 20 ನಿಮಿಷ ಕಳೆದ ಮೇಲೆ ಆಕಾಶ ಇನ್ನೂ ನೀಲಿಯಾಗಿರುತ್ತದೆ, ಒಳಗೆ ಹಚ್ಚಿಟ್ಟ ಅದೇ ಬಲ್ಬು ಕಿಟಕಿಯಲ್ಲಿ ಹಳದಿಯಾಗಿ ಕಾಣುತ್ತದೆ. ಟ್ರೈಪಾಡ್ ಮೊದಲೇ ನಿಲ್ಲಿಸಿ, ಫೋಕಸ್ ಬೆಳಕಿದ್ದಾಗಲೇ ಲಾಕ್ ಮಾಡಿ ಕಾಯುತ್ತಿರಿ. ಎರಡೂ ಬೆಳಕು ಹೊಂದಿಕೊಂಡಿರುವುದು ಹತ್ತು ನಿಮಿಷ ಮಾತ್ರ. ಆ ಶಾಟ್‌ನ ಮೇಲೆ ಮೊದಲ ಟೈಟಲ್ ಕೂರಿಸಿ, ಕಿಟಕಿಯ ದೀಪ ಆರಿದೊಡನೆ ಒಳಗಿನ ಕೋಣೆಗೆ ಕಟ್ ಮಾಡಿ.