'ಹಣ, ಸಾಲ' ಸ್ಪ್ಯಾನಿಷ್ ಕಾರ್ಡುಗಳು: ಒಂದೂವರೆ ವರ್ಷ ಬಳಸಿದ ಮೇಲೆ

ಮೂರು ಸ್ಟಾರ್. ಮೊದಲ ತಿಂಗಳಲ್ಲೇ ಬರೆದಿದ್ದರೆ ಐದು ಕೊಡುತ್ತಿದ್ದೆ, ಆರನೇ ತಿಂಗಳಲ್ಲಾದರೆ ಒಂದು.

ಇದು ಕಾರ್ಡುಗಳ ಮೂಲಕ ಸ್ಪ್ಯಾನಿಷ್ ಪದ ಕಲಿಸುವ ಆಪ್: ಕಾರ್ಡಿನ ಮುಂದೆ ಪದ, ಹಿಂದೆ ಅರ್ಥ. ದುಡ್ಡಿನ ಪದಗಳಿಗೆ ಅಂತಲೇ ಒಂದು ಕಂತೆ ಇದೆ. ಇನ್ನೇನು ಮರೆತೇಹೋಯಿತು ಅನ್ನುವಾಗ ಕಾರ್ಡ್ ಮತ್ತೆ ಬರುತ್ತದೆ. ಆ ಲೆಕ್ಕಾಚಾರ ಚೆನ್ನಾಗಿದೆ, ಧ್ವನಿಯೂ ಸ್ಪಷ್ಟ.

ತೊಂದರೆ ಶುರುವಾಗಿದ್ದು 'ಪ್ರೆಸ್ತಾರ್'ನಿಂದ. ಅಂದರೆ ಸಾಲ ಕೊಡುವುದು. ಸಾಲ ಕೇಳುವುದಕ್ಕೆ 'ಪೆದೀರ್ ಪ್ರೆಸ್ತಾದೊ', ಸಾಲವಾಗಿ ಕೇಳು. ಕನ್ನಡದಲ್ಲೂ ಹೀಗೇ ಅಲ್ವಾ? ಸಾಲ ಕೊಡು, ಸಾಲ ಕೇಳು. ಆದರೆ ಕಾರ್ಡಿನ ಹಿಂದಿರುವುದು ಇಂಗ್ಲಿಷ್ ಅರ್ಥ. ಲೆಂಡ್ ಯಾವುದು, ಬಾರೋ ಯಾವುದು ಅಂತ ಯೋಚಿಸುತ್ತಾ ತಪ್ಪು ಬಟನ್ ಒತ್ತಿಬಿಡುತ್ತಿದ್ದೆ. ನಾಲ್ಕು ತಿಂಗಳು ಅದೊಂದು ಕಾರ್ಡ್ ಸಾಲ ಕೊಟ್ಟವನ ಥರ ದಿನಾ ಬೆಳಗ್ಗೆ ಎದುರಿಗೆ ಬಂದು ನಿಲ್ಲುತ್ತಿತ್ತು.

ಆಮೇಲೆ ಕಾರ್ಡ್ ತಿದ್ದುವ ಆಯ್ಕೆ ಕಣ್ಣಿಗೆ ಬಿತ್ತು. ಇಂಗ್ಲಿಷ್ ಅಳಿಸಿ ಕನ್ನಡ ಬರೆದೆ. 'ದೆಬೆರ್'ಗೆ ಎರಡು ಅರ್ಥ: ಮಾಡಬೇಕು, ಬಾಕಿ ಇದೆ. 'ತೆ ದೆಬೊ ಬೆಯಿಂತೆ ಎಉರೊಸ್' ಅಂದರೆ ನಿನಗೆ ನಾನು 20 ಯೂರೊ ಕೊಡಬೇಕು. ನಮ್ಮ 'ಕೊಡಬೇಕು'ವಿನಲ್ಲೂ ಅದೇ 'ಬೇಕು' ಇದೆ, ನೋಡಿ! 'ಕೊಬ್ರಾರ್' ಹಿಂದೆ ಚಾರ್ಜ್ ಅಂತ ಇತ್ತು, ವಸೂಲಿ ಅಂತ ಮಾಡಿದೆ. ಸಂಬಳ ಕೈಗೆ ಬರುವುದಕ್ಕೂ ಇದೇ ಪದ. ಸಂಬಳವನ್ನೂ ವಸೂಲಿ ಮಾಡಬೇಕು ಅಂದುಕೊಂಡರೆ ಮರೆಯುವ ಮಾತೇ ಇಲ್ಲ. 'ಫಿಯಾರ್' ಅಂದರೆ ಉದ್ರಿ ಕೊಡುವುದು. ಸ್ಪ್ಯಾನಿಷ್ ಮಾತಾಡುವ ಕಡೆ ಅಂಗಡಿಗಳಲ್ಲಿ ಒಂದು ಬೋರ್ಡ್ ಇರುತ್ತದೆ: 'ಓಯ್ ನೋ ಸೆ ಫಿಯಾ, ಮನ್ಯಾನಾ ಸೀ'. ಇವತ್ತು ಉದ್ರಿ ಇಲ್ಲ, ನಾಳೆ ಉಂಟು. ಇಂಗ್ಲಿಷ್‌ನಲ್ಲಿ ಇದನ್ನು ಓದಿದಾಗ ನಗು ಬಂದಿರಲಿಲ್ಲ.

ಇನ್ನೊಂದು ದೂರು. ಕಂತೆಯಲ್ಲಿರುವುದು ಬರೀ ಸ್ಪೇನ್‌ನ ಮಾತು. ಲ್ಯಾಟಿನ್ ಅಮೆರಿಕದ ಬಹಳ ಕಡೆ ದುಡ್ಡಿಗೆ 'ಪ್ಲಾತಾ', ಅಂದರೆ ಬೆಳ್ಳಿ ಅನ್ನುತ್ತಾರೆ. ಹಾಗೆ ಟೈಪ್ ಮಾಡಿದರೆ ಆಪ್ ಕೆಂಪು ಗುರುತು ಹಾಕುತ್ತದೆ. ವಾಪಸ್ ಚಿಲ್ಲರೆ ಸ್ಪೇನ್‌ನಲ್ಲಿ 'ಬ್ವೆಲ್ತಾ', ಲ್ಯಾಟಿನ್ ಅಮೆರಿಕದಲ್ಲಿ 'ಬ್ವೆಲ್ತೊ'. ಅದಕ್ಕೂ ಕೆಂಪು. ಮೆಕ್ಸಿಕೊದ ಆಡುಮಾತಿನಲ್ಲಿ ದುಡ್ಡು 'ಲಾನಾ', ಉಣ್ಣೆ. ಅರ್ಜೆಂಟೀನಾದಲ್ಲಿ ಗೀತಾ! ಹೌದು, ಉಚ್ಚಾರಣೆ ಹಾಗೇ. ಅದನ್ನು ನೆನಪಿಡಲು ಕಾರ್ಡೇ ಬೇಕಾಗಲಿಲ್ಲ.

ಒಂದು ವಾರ ಬಿಟ್ಟರೆ ಕಾರ್ಡುಗಳು ಗುಡ್ಡೆ ಬೀಳುತ್ತವೆ, ಅದು ಜಾಸ್ತಿ ಕಿರಿಕಿರಿ. ಚಂದಾ ಮುಂದುವರಿಸುತ್ತಿಲ್ಲ. ತಿದ್ದಿದ ಕಾರ್ಡುಗಳನ್ನೆಲ್ಲ ಫೈಲ್ ಮಾಡಿ ಇಳಿಸಿಕೊಂಡಿದ್ದೇನೆ. ನೀವು ಕೊಳ್ಳುವುದಾದರೆ ಮೊದಲ ದಿನವೇ ಆ ತಿದ್ದುವ ಬಟನ್ ಹುಡುಕಿ, ಸೆಟ್ಟಿಂಗ್ಸ್‌ನ ಕೊನೆಯಲ್ಲಿದೆ.